ಬೀಗ ಹಾಕಿದ ರೂಮಿನ ಪೇಷೆಂಟ್

ನಮಸ್ಕಾರ. ನಾನು ಓದಿದ ನರ್ಸಿಂಗ್ ಕಾಲೇಜಿನಲ್ಲಿ ಒಂದು ರೂಮ್ ಇತ್ತು. ಒಳಗೆ ಮಂಚದ ಮೇಲೆ ಒಂದು ಮ್ಯಾನಿಕಿನ್, ಅಂದರೆ ಪೇಷೆಂಟ್ ಥರದ ಗೊಂಬೆ, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಬೀಗದ ಕೈ ಪ್ರಿನ್ಸಿಪಾಲರ ಡ್ರಾಯರ್‌ನಲ್ಲಿ. ಇನ್‌ಸ್ಪೆಕ್ಷನ್ ದಿನ ಬಾಗಿಲು ತೆಗೆಯುತ್ತಿದ್ದರು, ಸಂಜೆ ಮತ್ತೆ ಬೀಗ. ನಾಲ್ಕು ವರ್ಷದಲ್ಲಿ ನಾನು ಅದನ್ನು ಮುಟ್ಟಿದ್ದು ಎರಡು ಸಲ. ಎರಡೂ ಸಲ ಧೂಳು ಒರೆಸೋಕೆ.

ಇಂಜೆಕ್ಷನ್ ಕಲಿತದ್ದು ಕಿತ್ತಳೆ ಹಣ್ಣಿನ ಮೇಲೆ. ಅಲ್ಲಿಂದ ನೇರ ಜನರಲ್ ವಾರ್ಡು. ಒಬ್ಬ ಅಜ್ಜನಿಗೆ ಕ್ಯಾನುಲಾ (ಡ್ರಿಪ್ ಕೊಡೋಕೆ ನರಕ್ಕೆ ಹಾಕೋ ಸಣ್ಣ ನಳಿಕೆ) ಹಾಕಲು ಮೂರು ಕಡೆ ಚುಚ್ಚಿದೆ. "ಇರ್ಲಿ ಬಿಡವ್ವ, ಇನ್ನೊಂದ್ಸಲ ನೋಡು" ಅಂದರು ಪಾಪ. ಸ್ಪೆಷಲ್ ವಾರ್ಡಿನವರಾಗಿದ್ದರೆ ಮೊದಲನೇ ಸಲಕ್ಕೇ ಸೀನಿಯರ್ ಸಿಸ್ಟರ್‌ನ ಕರೆಸುತ್ತಿದ್ದರು. ನಾವು ಕಲಿಯೋದು ಬಡವರ ಕೈ ಮೇಲೆ. ಸಿಮ್ಯುಲೇಶನ್, ಅಂದರೆ ಗೊಂಬೆ ಮೇಲೋ ಪೇಷೆಂಟ್ ಥರ ನಟಿಸುವವರ ಮೇಲೋ ಮಾಡೋ ಅಭ್ಯಾಸ, ಜಾಸ್ತಿ ಆಗಬೇಕು ಅಂತ ನಾನು ಹೇಳೋಕೆ ಮೊದಲ ಕಾರಣ ಇದೇ.

ಗೊಂಬೆ ಮೇಲೆ ಕಲಿಯೋದೇನು ಹೊಸ ಫ್ಯಾಷನ್ ಅಲ್ಲ. 1911ರಲ್ಲೇ ಅಮೆರಿಕದ ಹಾರ್ಟ್‌ಫರ್ಡ್‌ನ ನರ್ಸಿಂಗ್ ಶಾಲೆಗೆ ಮಾರ್ಥಾ ಚೇಸ್ ಅನ್ನೋ ಗೊಂಬೆ ತಯಾರಿಸುವಾಕೆ ಆಳೆತ್ತರದ ಗೊಂಬೆ ಮಾಡಿಕೊಟ್ಟಿದ್ದರು. ಹುಡುಗಿಯರು ಅದಕ್ಕೆ 'ಮಿಸೆಸ್ ಚೇಸ್' ಅಂತಲೇ ಕರೆದರು.

"ಗೊಂಬೆ ಜೊತೆ ಆಡಿದವರು ವಾರ್ಡಿನಲ್ಲಿ ಏನು ಮಾಡ್ತಾರೆ?" ಅಂತ ಹಿರಿಯರು ಕೇಳುತ್ತಾರೆ. ಅಮೆರಿಕದ 10 ನರ್ಸಿಂಗ್ ಶಾಲೆಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 2014ರಲ್ಲಿ ಫಲಿತಾಂಶ ಬಂತು. ಕ್ಲಿನಿಕಲ್ ಪೋಸ್ಟಿಂಗ್‌ನ, ಅಂದರೆ ಆಸ್ಪತ್ರೆಯಲ್ಲಿ ಕಲಿಯೋ ಅವಧಿಯ, ಅರ್ಧದಷ್ಟು ಸಮಯವನ್ನು ಸಿಮ್ಯುಲೇಶನ್‌ಗೆ ಕೊಟ್ಟರೂ ಮಕ್ಕಳು ಹಿಂದೆ ಬೀಳಲಿಲ್ಲ. ಆದರೆ ಅಲ್ಲಿ ಟ್ಯೂಟರ್‌ಗಳಿಗೆ ಮೊದಲೇ ತರಬೇತಿ ಕೊಟ್ಟಿದ್ದರು. ಪ್ರತಿ ಸಲವೂ ಮುಗಿದ ಮೇಲೆ ಕೂತು ಮಾತಾಡಿಸುತ್ತಿದ್ದರು. ನಮ್ಮಲ್ಲಿ ಮರೆಯೋದು ಅದನ್ನೇ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ 2021ರ ಬಿ.ಎಸ್ಸಿ. ಸಿಲಬಸ್‌ನಲ್ಲಿ ಸ್ಕಿಲ್ ಲ್ಯಾಬ್‌ಗೆ (ಇಂಥ ಅಭ್ಯಾಸದ ಕೋಣೆಗೆ) ಗಂಟೆ ಇಟ್ಟಿದ್ದಾರೆ, ಒಳ್ಳೇದೇ. ಆದರೆ ಮ್ಯಾನಿಕಿನ್‌ಗೆ ಬಿಲ್ ಪಾಸ್ ಆಗುತ್ತೆ, ಟ್ಯೂಟರ್ ತರಬೇತಿಗೆ ದುಡ್ಡಿರಲ್ಲ.

ದುಬಾರಿ ಗೊಂಬೆಯೇ ಬೇಕು ಅಂತನೂ ಇಲ್ಲ. ಮಾಮಾನ್ಯಾಟಲಿ ಅಂತ ಒಂದಿದೆ, ಹೆರಿಗೆ ಕಲಿಸೋಕೆ ಹೊಟ್ಟೆಗೆ ಕಟ್ಟಿಕೊಳ್ಳೋ ಸಾಧನ. ಈಗ ನಾನೇ ಟ್ಯೂಟರ್ ಅಲ್ವಾ, ಅದನ್ನು ಕಟ್ಟಿಕೊಂಡು ಬಾಣಂತಿ ಆಗಿ ಮಲಗುತ್ತೇನೆ. ರಕ್ತ ಅಂದರೆ ಕೆಂಪು ನೀರು, ಎಷ್ಟು ಬಿಡಬೇಕು ಅನ್ನೋದು ನನ್ನ ಕೈಯಲ್ಲೇ. ನರಳೋದಂತೂ ಕನ್ನಡದಲ್ಲೇ. ನಮ್ಮ ಕ್ಲಾಸಿನಲ್ಲಿ ಕೇರಳದ ಮಕ್ಕಳಿದ್ದಾರೆ. "ಕಣ್ಣು ಕತ್ಲೆ ಬರ್ತಿದೆ" ಅಂದರೆ ಏನು ಅಂತ ಅವರು ಇಲ್ಲೇ ಕಲಿಯಲಿ.

ಒಂದು ದಿನ ಮೂರನೇ ವರ್ಷದ ಹುಡುಗಿ ಬಂದಳು. ಕ್ಲಾಸಿಗೇ ಜಾಣೆ. ಹೆರಿಗೆ ಆಯ್ತು, ಕೆಂಪು ನೀರು ಬಿಟ್ಟೆ. ಬೆಡ್‌ಶೀಟ್ ನೆನೆಯಿತು, ಮಂಚದ ಅಂಚಿನಿಂದ ತೊಟ್ಟಿಕ್ಕೋಕೆ ಶುರುವಾಯ್ತು. "ಸಿಸ್ಟರ್, ತಲೆ ತಿರುಗ್ತಿದೆ" ಅಂದೆ. ಅವಳು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ "ಒಂದ್ನಿಮಿಷ ಅಮ್ಮಾ" ಅಂದಳು. ಹೊಟ್ಟೆ ಮೇಲೆ ಕೈ ಇಡಲಿಲ್ಲ. ಯಾರನ್ನೂ ಕರೆಯಲಿಲ್ಲ.

ಆಮೇಲೆ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತೆವು. ನಾನು ಬೈಯಲಿಲ್ಲ. ಆಗ ಏನು ಯೋಚನೆ ಮಾಡ್ತಿದ್ದೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದಳು. ಆಮೇಲೆ, "ಮೇಡಂ, ಡಾಕ್ಟರ್ ಬಂದ ತಕ್ಷಣ ಬಿಪಿ ಎಷ್ಟು ಅಂತಾರೆ. ಹೇಳದಿದ್ರೆ ಎಲ್ರೆದುರಿಗೆ ಬೈತಾರೆ" ಅಂದಳು.

ರಕ್ತ ನಿಲ್ಲಿಸೋಕೆ ಹೊಟ್ಟೆ ಮೇಲಿಂದ ಗರ್ಭಕೋಶ ಉಜ್ಜಬೇಕು ಅಂತ ಅವಳಿಗೆ ಗೊತ್ತಿತ್ತು. ಬರೆ ಅಂದಿದ್ದರೆ ಮುತ್ತಿನಂತೆ ಬರೆಯುತ್ತಿದ್ದಳು. ಸಿಮ್ಯುಲೇಶನ್ ಆಗಿದ್ದು ಹತ್ತು ನಿಮಿಷ, ಈ ಮಾತುಕತೆ ಮುಗಿಯೋಕೆ ಮುಕ್ಕಾಲು ಗಂಟೆ. ಬೇರೆ ನಾಲ್ಕು ಹುಡುಗಿಯರೂ ಅದೇ ಭಯ ಹೇಳಿಕೊಂಡರು.

ಮುಂದಿನ ವಾರ ಮತ್ತೆ ಮಲಗಿದೆ. ಅದೇ ಹುಡುಗಿ. ಮೊದಲು ಹೊಟ್ಟೆ ಮೇಲೆ ಕೈ ಇಟ್ಟಳು. "ಯಾರಾದ್ರೂ ಬನ್ನೀ!" ಅಂತ ಕೂಗಿದ ಜೋರಿಗೆ ಕಾರಿಡಾರ್‌ನಲ್ಲಿದ್ದ ಅಟೆಂಡರ್ ಬಾಗಿಲು ತಳ್ಳಿಕೊಂಡು ಓಡಿಬಂದರು.