ಕುರಿಮರಿಯ ಪದ್ಯ, ಕತ್ತರಿಸಿದ ಹಾಳೆ: ವೇಲ್ಯಾಂಡ್–ಸಡ್ಬರಿ ವ್ಲಾಗ್

ನಮಸ್ಕಾರ ಎಲ್ಲರಿಗೂ. ಹೊರಗೆ ಗಾಳಿ ಜಾಸ್ತಿ ಇತ್ತು, ಅಲ್ಲಿ ಮಾತಾಡಿದ್ದು ಒಂದೂ ಸರಿಯಾಗಿ ಕೇಳಿಸುತ್ತಿಲ್ಲ. ಅದಕ್ಕೇ ಮನೆಗೆ ಬಂದು ಧ್ವನಿ ಸೇರಿಸುತ್ತಿದ್ದೇನೆ. ಈಗ ಕಾಣುತ್ತಿರುವುದು ರೂಟ್ 20, ಅಮೆರಿಕದ ಬೋಸ್ಟನ್‌ನಿಂದ ಪಶ್ಚಿಮಕ್ಕೆ ಹೋಗುವ ಹಳೇ ಅಂಚೆ ದಾರಿ. ಹಿಂದಿನ ಸೀಟಲ್ಲಿ ಮಗಳು, ಅವಳ ಮಡಿಲಲ್ಲಿ ಚಕ್ಕುಲಿ ಡಬ್ಬಿ.

ಮಕ್ಕಳಿಗಾಗಿ ಬರೆದ ಇಬ್ಬರು ಹೆಂಗಸರ ಜಾಡು ಹಿಡಿದು ಹೊರಟಿದ್ದೇವೆ. ಹತ್ತಿರ ಹತ್ತಿರ ಇನ್ನೂರು ವರ್ಷದ ಹಿಂದಿನ ಮಾತು. ಒಬ್ಬರು ಲಿಡಿಯಾ ಮರಿಯಾ ಚೈಲ್ಡ್, ಇನ್ನೊಬ್ಬರು ಸಾರಾ ಜೊಸೆಫಾ ಹೇಲ್. ಹೆಸರೇ ಕೇಳಿಲ್ಲ ಅಂತೀರಾ? ಸಾರಾ ಬರೆದದ್ದು ನಿಮಗೆ ಬಾಯಿಪಾಠ ಬರುತ್ತದೆ: ‘ಮೇರಿ ಹ್ಯಾಡ್ ಎ ಲಿಟಲ್ ಲ್ಯಾಂಬ್’. ತುಮಕೂರಿನ ನರ್ಸರಿಯಲ್ಲಿ ಕೈಕಟ್ಟಿ ನಿಂತು ನಾನೂ ಹೇಳಿದ್ದೇನೆ. ಬರೆದವರು ಯಾರು ಅಂತ ಮಿಸ್ ಹೇಳಲಿಲ್ಲ, ಪುಸ್ತಕದಲ್ಲೂ ಹೆಸರಿರಲಿಲ್ಲ. ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

ಇದು ಹಿಂದಿನ ರಾತ್ರಿ ಅಡುಗೆಮನೆ ಮೇಜಿನ ಮೇಲೆ ತೆಗೆದದ್ದು. ‘ಜುವೆನೈಲ್ ಮಿಸಲೆನಿ’. ಲಿಡಿಯಾ 1826ರಲ್ಲಿ ಬೋಸ್ಟನ್‌ನಲ್ಲಿ ಶುರುಮಾಡಿದ ಮಕ್ಕಳ ಪತ್ರಿಕೆ, ಎರಡು ತಿಂಗಳಿಗೊಂದು ಸಂಚಿಕೆ. ಇದು 1832ರ ಸಂಚಿಕೆಗಳ ಬೈಂಡು. ಆನ್‌ಲೈನ್‌ನಲ್ಲಿ 95 ಡಾಲರ್ ಕೊಟ್ಟೆ, ಕಳಿಸುವ ಖರ್ಚು ಬೇರೆ 12. ಬೆಲೆಗೆ ನನ್ನ ತಕರಾರಿಲ್ಲ. ಆದರೆ ಮಾರಿದವರು ‘ಎಲ್ಲ ಹಾಳೆಯೂ ಇದೆ’ ಅಂತ ಬರೆದಿದ್ದರು. ಬಂದದ್ದು ಒಂದು ತೆಳ್ಳನೆ ಲಕೋಟೆಯಲ್ಲಿ. ಒಳಗೆ ರಟ್ಟಿಲ್ಲ, ಪ್ಲಾಸ್ಟಿಕ್ ಕೂಡ ಇಲ್ಲ. ಅವತ್ತು ಮಳೆ ಬೇರೆ. ಬಿಚ್ಚಿ ಪುಟ ಎಣಿಸಿದೆ, ಹದಿನಾರು ಪುಟ ಇಲ್ಲ! ಹರಿದು ಹೋಗಿದ್ದಲ್ಲ, ಯಾರೋ ಬ್ಲೇಡಿನಲ್ಲಿ ಕುಯ್ದಿದ್ದಾರೆ. ನೋಡಿ, ಹೊಲಿಗೆ ಪಕ್ಕದಲ್ಲಿ ಬೆರಳಗಲದ ಪಟ್ಟಿ ನಿಂತಿದೆ. ಆ ಪಟ್ಟಿಯ ಮೇಲೆ ಸಾಲಿನ ಮೊದಲ ಅಕ್ಷರಗಳು ಮಾತ್ರ ಉಳಿದಿವೆ. ಮಾರಿದವರಿಗೆ ಫೋಟೋ ಕಳಿಸಿದೆ. ಹಳೇ ಪುಸ್ತಕ ಅಂದರೆ ಹೀಗೇ ಇರುತ್ತದೆ ಅಂದರು. ಹೀಗೇ ಇರುತ್ತದೆ ಅಂತ ಮೊದಲೇ ಬರೆಯಬಹುದಿತ್ತಲ್ವಾ? ನಾಲ್ಕು ಮೇಲ್ ಆದಮೇಲೆ 20 ಡಾಲರ್ ವಾಪಸ್ ಬಂತು. ಪುಸ್ತಕ ವಾಪಸ್ ಕಳಿಸಿ ಅಂದರು, ನಾನು ಕಳಿಸಲಿಲ್ಲ. ಹಿಂದಿನ ಖಾಲಿ ಹಾಳೆಯಲ್ಲಿ ಯಾವುದೋ ಮಗು ಪೆನ್ಸಿಲ್‌ನಲ್ಲಿ ತನ್ನ ಹೆಸರು ಬರೆಯಲು ಹೋಗಿ, ಎರಡು ಅಕ್ಷರ ಉಲ್ಟಾ ಬರೆದು ನಿಲ್ಲಿಸಿದೆ. ಅದನ್ನು ನೋಡಿದ ಮೇಲೆ ಕೈಬಿಡಲು ಮನಸ್ಸು ಬರಲಿಲ್ಲ.

ಕಾಗದ ಮುಟ್ಟಿದರೆ ಮೆತ್ತಗಿದೆ, ಬಟ್ಟೆ ಮುಟ್ಟಿದ ಹಾಗೆ. ಆಗ ಕಾಗದವನ್ನು ಹಳೇ ಬಟ್ಟೆಯ ಚಿಂದಿಯಿಂದಲೇ ಮಾಡುತ್ತಿದ್ದರು. ಅದಕ್ಕೇ ಅಲ್ಲಲ್ಲಿ ಕಂದು ಚುಕ್ಕೆ ಬಂದಿದ್ದರೂ ಪುಡಿಯಾಗಿಲ್ಲ.

ಈ ಪತ್ರಿಕೆ ಬರುವ ದಿನ ಬೋಸ್ಟನ್‌ನ ಚೆಸ್ಟ್‌ನಟ್ ಸ್ಟ್ರೀಟ್‌ನಲ್ಲಿ ಮಕ್ಕಳು ಮನೆಮುಂದಿನ ಕಲ್ಲು ಮೆಟ್ಟಿಲ ಮೇಲೆ ಕಾಯುತ್ತಾ ಕೂರುತ್ತಿದ್ದರಂತೆ. ಆ ಮಕ್ಕಳಲ್ಲೇ ಒಬ್ಬರಾದ ಕ್ಯಾರೋಲಿನ್ ಡಾಲ್ ದೊಡ್ಡವರಾದ ಮೇಲೆ ಇದನ್ನು ನೆನೆದಿದ್ದಾರೆ. ನಮ್ಮ ಮನೆಯಲ್ಲಿ ಬಾಲಮಂಗಳ ಬಂದ ದಿನ ಅಣ್ಣ ಮೊದಲು ಓದುತ್ತಿದ್ದ, ನಾನು ಅವನ ಭುಜದ ಹಿಂದಿನಿಂದ ಇಣುಕುತ್ತಿದ್ದೆ. ಅವನು ಪುಟ ತಿರುಗಿಸುವ ಸ್ಪೀಡೇ ಬೇರೆ… ಇರಲಿ, ಎಕ್ಸಿಟ್ ಬಂತು.

ಇದು ವೇಲ್ಯಾಂಡ್, ಓಲ್ಡ್ ಸಡ್ಬರಿ ರೋಡ್, ನಾರ್ತ್ ಸೆಮೆಟರಿ. ಲಿಡಿಯಾ ಸಮಾಧಿ ಇರುವುದು ಈ ಸ್ಮಶಾನದಲ್ಲೇ. ಲಿಡಿಯಾ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಲ್ಲೇ. 1880ರಲ್ಲಿ ತೀರಿಕೊಂಡರು.

ಹುಟ್ಟಿದ್ದು 1802ರಲ್ಲಿ, ಮೆಡ್‌ಫರ್ಡ್‌ನಲ್ಲಿ. ಅಪ್ಪನದು ಬೇಕರಿ. ವಾಟರ್‌ಟೌನ್‌ನಲ್ಲಿ ಶಾಲೆ ನಡೆಸಿದರು. ಸ್ವಂತ ಮಕ್ಕಳಿರಲಿಲ್ಲ. ಗಂಡ ವಕೀಲ, ಸಾಲವೇ ಸಾಲ, ಸಂಸಾರ ಸಾಗಿದ್ದು ಇವರ ಬರವಣಿಗೆಯಿಂದ. ಆ ಕಾಲದಲ್ಲಿ ಹಾಗೆ ಬರೆದು ದುಡಿಯುವುದು ಸುಮ್ನೆ ಮಾತಲ್ಲ. ಇಂಗ್ಲೆಂಡಿನ ಪುಸ್ತಕಗಳು ಅಮೆರಿಕದ ಮುದ್ರಕರಿಗೆ ಬಿಟ್ಟಿ ಸಿಗುತ್ತಿದ್ದವು. 1790ರ ಕಾಪಿರೈಟ್ ಕಾಯ್ದೆ ಅಮೆರಿಕದ ಪ್ರಜೆಗಳಿಗೆ, ಅಲ್ಲಿ ನೆಲೆಸಿದವರಿಗೆ ಮಾತ್ರ. ಒಂದು ಉದಾಹರಣೆ: ಇಂಗ್ಲೆಂಡಿನ ಆ್ಯನಾ ಬಾರ್ಬೋಲ್ಡ್ ತಾವು ಸಾಕಿದ ಹುಡುಗ ಚಾರ್ಲ್ಸ್‌ಗಾಗಿ, ಪುಟ್ಟ ಕಣ್ಣಿಗೆ ಕಾಣಲಿ ಅಂತ ದಪ್ಪ ಅಕ್ಷರದಲ್ಲಿ, ಅಮ್ಮ ಮಾತಾಡಿದ ಹಾಗೇ ‘ಲೆಸನ್ಸ್ ಫಾರ್ ಚಿಲ್ಡ್ರನ್’ ಬರೆದರು. 1788ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್‌ರ ಮೊಮ್ಮಗ ಬೇಚ್ ಅದನ್ನು ಅಚ್ಚುಹಾಕಿದರು. ಬರೆದವರಿಗೆ ಹಣ ಕೊಡಬೇಕು ಅಂತ ಕಾನೂನೇ ಇರಲಿಲ್ಲ. 1891ರವರೆಗೂ ಇದೇ ಕಥೆ. ಇದು ಆ ಬರಹಗಾರ್ತಿಗೂ ಅನ್ಯಾಯ, ಇಲ್ಲಿ ಹೊಸದಾಗಿ ಬರೆಯಹೊರಟ ಹೆಂಗಸಿಗೂ ಅನ್ಯಾಯ. ಬಿಟ್ಟಿ ಸಿಗುವ ಪುಸ್ತಕದ ಎದುರು ದುಡ್ಡು ಕೊಡಬೇಕಾದ ಪುಸ್ತಕ ನಿಲ್ಲಬೇಕಲ್ಲ!

ಲಿಡಿಯಾ ನಿಂತರು. ಅಮೆರಿಕದ ಮಕ್ಕಳಿಗೆ ಅಮೆರಿಕದ ಮಾತು, ಇಲ್ಲಿನ ಜನರ ಜೀವನ, ಪ್ರಾಣಿಗಳ ವಿಷಯ, ಒಗಟು, ಎಲ್ಲ ಕೊಟ್ಟರು. ಆಮೇಲೆ 1833ರಲ್ಲಿ ಗುಲಾಮಗಿರಿಯ ವಿರುದ್ಧ ಒಂದು ಇಡೀ ಪುಸ್ತಕ ಬರೆದರು. ಗುಲಾಮರನ್ನು ಈಗಲೇ ಬಿಡಿ ಅಂದರು. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳವರನ್ನು ಬೈದು ಸುಮ್ಮನಾಗಲಿಲ್ಲ, ನಿಮ್ಮ ಮನಸ್ಸಲ್ಲೂ ಕರಿಯರ ಬಗ್ಗೆ ತಾತ್ಸಾರ ಇದೆ ಅಂತ ತಮ್ಮ ಉತ್ತರದ ರಾಜ್ಯಗಳವರಿಗೂ ಮುಖಕ್ಕೆ ಹೇಳಿದರು. ಅಪ್ಪ ಅಮ್ಮಂದಿರು ಮಕ್ಕಳ ಚಂದಾ ನಿಲ್ಲಿಸಿಬಿಟ್ಟರು. 1834ರಲ್ಲಿ ಲಿಡಿಯಾ ಪತ್ರಿಕೆ ಬಿಡಬೇಕಾಯಿತು.

ಕ್ಯಾಮೆರಾ ಅಲ್ಲಾಡುತ್ತಿದೆ, ಕ್ಷಮಿಸಿ. ಒಂದು ಕೈಯಲ್ಲಿ ಸೇವಂತಿಗೆ ಇತ್ತು.

ಪತ್ರಿಕೆಯ ಸಂಪಾದಕರ ಕುರ್ಚಿಯಲ್ಲಿ ಆಮೇಲೆ ಕೂತವರು ಸಾರಾ. 1836ರಲ್ಲಿ ಪತ್ರಿಕೆ ನಿಂತಿತು. ಮೊದಲ ಸಲ ಇದನ್ನು ಓದಿದಾಗ ಸಾರಾ ಮೇಲೆ ನನಗೆ ಸಿಟ್ಟೇ ಬಂದಿತ್ತು. ಇನ್ನೊಬ್ಬ ಬರಹಗಾರ್ತಿಗೆ ಹೀಗಾದಾಗ ಆ ಜಾಗಕ್ಕೆ ಹೋಗಬಹುದಾ ಅಂತ. ಕಾರಲ್ಲಿ ಸಡ್ಬರಿಗೆ ಹೋಗುವ ಹೊತ್ತಿಗೆ ನನ್ನ ಮಾತು ನಾನೇ ವಾಪಸ್ ತಗೊಂಡೆ. ಸಾರಾ ಗಂಡ 1822ರಲ್ಲಿ ತೀರಿಹೋದರು. ಕೈಯಲ್ಲಿ ಐದು ಮಕ್ಕಳು. ಅವತ್ತಿನಿಂದ ಕೊನೆವರೆಗೂ ಕಪ್ಪು ಬಟ್ಟೆ ಉಟ್ಟು, ಬರೆದೇ ಅವರನ್ನು ಸಾಕಿದರು. ಬಂದ ಕೆಲಸ ಬೇಡ ಅನ್ನಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಮತ್ತೆ, ಆ ಕುರಿಮರಿ ಪದ್ಯವನ್ನು ಲಿಡಿಯಾ ಅವರ ಇದೇ ಪತ್ರಿಕೆ 1830ರಲ್ಲಿ ಅಚ್ಚು ಮಾಡಿತ್ತು. ಅದೇ ವರ್ಷ ಸಾರಾ ಅವರ ‘ಪೋಯಮ್ಸ್ ಫಾರ್ ಅವರ್ ಚಿಲ್ಡ್ರನ್’ ಪುಸ್ತಕದಲ್ಲೂ ಬಂತು.

ಇದು ಸಡ್ಬರಿ. ಇದೇ ನೋಡಿ ಪದ್ಯದ ಕುರಿಮರಿ ಬಂದಿತ್ತು ಅನ್ನುವ ಕೆಂಪು ಶಾಲೆ, ವೇಸೈಡ್ ಇನ್ ಎಂಬ ಹಳೇ ಹೋಟೆಲಿನ ಪಕ್ಕದಲ್ಲಿ. ಮೊದಲು ಸ್ಟರ್ಲಿಂಗ್ ಊರಿನಲ್ಲಿತ್ತು. ಆ ಊರಿನ ಮೇರಿ ಸಾಯರ್ ಎಂಬಾಕೆ, ಪದ್ಯದ ಕುರಿಮರಿ ನನ್ನದೇ, ಅದರ ಮೊದಲ ಸಾಲುಗಳನ್ನು ಬರೆದದ್ದು ಬೇರೊಬ್ಬ ಹುಡುಗ ಅಂದರು. ಸಾರಾ ಒಪ್ಪಲಿಲ್ಲ. ಕಾರು ಕಂಪನಿಯ ಹೆನ್ರಿ ಫೋರ್ಡ್ ಮೇರಿ ಮಾತು ನಂಬಿ 1926ರಲ್ಲಿ ಕಟ್ಟಡವನ್ನೇ ಇಲ್ಲಿಗೆ ತಂದರು. ನಾನು ಸಾರಾ ಕಡೆ. ಪುಸ್ತಕದಲ್ಲಿ ಹೆಸರು ಹಾಕಿಕೊಂಡು ಮುಂದೆ ಬಂದವರು ಅವರು.

ಮಗಳು ಬಾಗಿಲ ಹತ್ತಿರ ನಿಂತು ಪದ್ಯ ಹೇಳುತ್ತಿದ್ದಾಳೆ. ಒಂದೇ ಪ್ಯಾರಾ, ನನಗೆ ಕಲಿಸಿದಷ್ಟೇ. ಮುಂದೆ ಇನ್ನೂ ಇದೆ. ಟೀಚರ್ ಕುರಿಮರಿಯನ್ನು ಹೊರಗೆ ಹಾಕುತ್ತಾರೆ. ಅದು ಹೋಗದೆ ಕಾಯುತ್ತದೆ. ಅದಕ್ಕೆ ಮೇರಿ ಅಂದರೆ ಯಾಕಿಷ್ಟು ಪ್ರೀತಿ ಅಂತ ಮಕ್ಕಳು ಕೇಳುತ್ತಾರೆ. ಮೇರಿ ಅದನ್ನು ಪ್ರೀತಿಸುತ್ತಾಳಲ್ಲ ಅಂತಾರೆ ಟೀಚರ್. ಇಡೀ ಪದ್ಯ ಬರೆದದ್ದೇ ಆ ಉತ್ತರಕ್ಕಾಗಿ. ನಮ್ಮ ನರ್ಸರಿಯಲ್ಲಿ ಅದನ್ನೇ ಬಿಟ್ಟಿದ್ದರು.

ಬ್ಯಾಟರಿ ಕೆಂಪಾಯಿತು, ಬೇಗ ಹೇಳುತ್ತೇನೆ. ಬೈಂಡಿನಲ್ಲಿ ಒಂದು ಒಗಟಿತ್ತು, ಉತ್ತರ ಕುಯ್ದ ಹಾಳೆಯಲ್ಲಿ ಹೋಗಿತ್ತು. ಮಗಳು ಎರಡು ದಿನ ನನ್ನನ್ನು ಬಿಡಲಿಲ್ಲ. ಲೈಬ್ರರಿಯ ಸ್ಕ್ಯಾನ್ ಹುಡುಕಿ ಆ ಹದಿನಾರು ಪುಟ ಪ್ರಿಂಟ್ ತೆಗೆದು, ಅದೇ ಜಾಗದಲ್ಲಿ ಸೇರಿಸಿದ್ದೇನೆ. ಈಗ ಫ್ರೇಮಿನಲ್ಲಿ ಕಾಣುವ ಬಿಳಿ ಹಾಳೆ ಅದೇ. ತಿರುಗಿಸುತ್ತಿರುವ ಬೆರಳು ಅವಳದು.