ಓಟ ಒಂದು ದಿನದ್ದು, ಮೇವು ದಿನಾ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಅಂಗವಿಕಲ ಮಕ್ಕಳ ಕುದುರೆ ಸವಾರಿ ಚಿಕಿತ್ಸೆಗೆ ಹಣ ಕೂಡಿಸಲು ಮ್ಯಾರಥಾನ್ ಓಡುವವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಇವತ್ತಿನ ಮಾತು ಅವರಿಗಾಗಿ. ಓಡುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಣ ಯಾತಕ್ಕೆ ಬೇಕು, ಅದನ್ನು ಕೇಳುವುದು ಹೇಗೆ, ನಾನು ಹೇಳುವುದು ಅಷ್ಟೇ.

ಕುದುರೆ ಸುಮ್ನೆ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಆಡುತ್ತಿರುತ್ತದೆ. ಮೇಲೆ ಕೂತವರ ಸೊಂಟವೂ ಅದರ ಜೊತೆ ಆಡುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಆಡುವುದೂ ಹೆಚ್ಚುಕಮ್ಮಿ ಹೀಗೇ. ಅಂದರೆ ತನ್ನ ಕಾಲಿನ ಮೇಲೆ ಒಂದು ಹೆಜ್ಜೆಯನ್ನೂ ಇಡದ ಮಗುವಿನ ಮೈಗೆ ನಡಿಗೆಯ ಲಯ ಸಿಗುತ್ತದೆ. ಪ್ರತಿ ಹೆಜ್ಜೆಗೂ ಮಗು ವಾಲದಂತೆ ಮೈ ಸರಿಮಾಡಿಕೊಳ್ಳಬೇಕು. ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಬೀಳುತ್ತದೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಬಾರದ ಸ್ಥಿತಿ, ಇರುವ ಕೆಲವು ಮಕ್ಕಳ ತೊಡೆ ಬಿಗಿದುಕೊಂಡು ಕಾಲುಗಳು ಕತ್ತರಿ ಹಾಕಿಕೊಳ್ಳುತ್ತವೆ. ಕುದುರೆಯ ಅಗಲವಾದ ಬೆನ್ನಿನ ಮೇಲೆ ಕೂತಾಗ ಆ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಕುದುರೆಯ ಮೈಯೂ ನಮ್ಮ ಮೈಗಿಂತ ಒಂಚೂರು ಜಾಸ್ತಿ ಬೆಚ್ಚಗಿರುತ್ತದೆ.

ಇಷ್ಟು ಹೇಳಿ, ಇನ್ನೊಂದನ್ನೂ ಹೇಳಲೇಬೇಕು. ಇದರಿಂದ ಮಗು ಎದ್ದು ನಡೆದುಬಿಡುತ್ತದೆ ಎಂದು ಹೇಳಿ ಯಾರ ಹತ್ತಿರವೂ ಹಣ ಕೇಳಬೇಡಿ. ಕೂರುವ ಭಂಗಿ, ಸಮತೋಲ ಸುಧಾರಿಸಬಹುದು. ರೋಗವೇ ವಾಸಿಯಾಗುವುದಿಲ್ಲ. ಎಲ್ಲ ಮಕ್ಕಳಿಗೂ ಸವಾರಿ ಹೊಂದುವುದೂ ಇಲ್ಲ. ಕುತ್ತಿಗೆಯ ಮೂಳೆ ಸಡಿಲ ಇರುವವರು, ಫಿಟ್ಸ್ ಹತೋಟಿಗೆ ಬಾರದವರು, ಇವರನ್ನೆಲ್ಲ ವೈದ್ಯರು ನೋಡದೆ ಹತ್ತಿಸುವಂತಿಲ್ಲ.

ಈ ವಿಷಯ ಬಂದಾಗೆಲ್ಲ ಡೆನ್ಮಾರ್ಕಿನ ಕುದುರೆ ಸವಾರಿಗಾರ್ತಿ ಲಿಸ್ ಹಾರ್ಟೆಲ್ ಅವರ ಕತೆ ಬರುತ್ತದೆ. 1944ರಲ್ಲಿ ಅವರಿಗೆ ಪೋಲಿಯೊ ಬಂತು. ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಕುದುರೆ ಹತ್ತಲು, ಇಳಿಯಲು ಬೇರೆಯವರೇ ಸಹಾಯ ಮಾಡಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಸವಾರಿ ಚಿಕಿತ್ಸೆಯ ಕಡೆ ಜನ ತಿರುಗಿ ನೋಡಿದ್ದಕ್ಕೆ ಅವರೂ ಒಂದು ಕಾರಣ. ಆದರೆ ಕತೆ ಹೇಳುವವರು ಒಂದು ಮಾತನ್ನು ನುಂಗಿಬಿಡುತ್ತಾರೆ. ಪೋಲಿಯೊ ಬರುವ ಮೊದಲೇ ಅವರು ಪಳಗಿದ ಸವಾರರು. ಏಳು ವರ್ಷದ ಮಗುವಿನ ಮೇಲೆ ಆ ಪದಕದ ಭಾರ ಹೊರಿಸುವುದು ನನಗೇನೋ ಸರಿ ಕಾಣುವುದಿಲ್ಲ.

ಈಗ ಹಣದ ವಿಷಯ. ಒಂದು ಮಗು ಸವಾರಿ ಮಾಡಬೇಕಾದರೆ ಹಗ್ಗ ಹಿಡಿದು ಕುದುರೆ ನಡೆಸಲು ಒಬ್ಬರು, ಎಷ್ಟೋ ಸಲ ಮಗುವಿನ ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಬೇಕು. ಕುದುರೆಯನ್ನು ದಿನಕ್ಕೆ ಕೆಲವೇ ತಾಸು ದುಡಿಸಬಹುದು. ಆದರೆ ಅದು ತಿನ್ನುವುದು ದಿನವಿಡೀ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಏಳೆಂಟು ಕಿಲೋ ಒಣಹುಲ್ಲು ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸರಿಮಾಡಬೇಕು. ಹುಷಾರು ತಪ್ಪಿದರೆ ಪಶುವೈದ್ಯರು ಬರಬೇಕು. ಮಳೆಗಾಲದಲ್ಲಿ ಸವಾರಿ ನಿಲ್ಲಬಹುದು, ಲಾಯದ ಖರ್ಚು ನಿಲ್ಲುವುದಿಲ್ಲ ಅಲ್ವಾ?

ಆದ್ದರಿಂದ ಓಟದ ದಿನ ಒಟ್ಟಿಗೆ ಸಿಗುವ ದೊಡ್ಡ ಮೊತ್ತಕ್ಕಿಂತ, ತಿಂಗಳು ತಿಂಗಳು ಬರುವ ಸಣ್ಣ ಹಣ ಸವಾರಿ ಚಿಕಿತ್ಸೆ ನಡೆಸುವ ಕೇಂದ್ರಕ್ಕೆ ಹೆಚ್ಚು ಉಪಯೋಗ. ಓಡಿದ ಕಿಲೋಮೀಟರಿಗೆ ಇಷ್ಟು ಹಣ ಎಂದು ಕೇಳುವ ರೂಢಿ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. 42.195 ಕಿಲೋಮೀಟರ್ ಸಣ್ಣ ದೂರವೇನಲ್ಲ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಮೈಯಲ್ಲಿ ಶಕ್ತಿ ಬರಿದಾಗಿ, ಎಂಥವರೂ ನಿಂತುಬಿಡಬಹುದು. ನಿಮ್ಮ ಕಾಲು ಸೆಳೆತ ಹಿಡಿದರೆ ಕುದುರೆಯ ಮೇವು ಯಾಕೆ ಕಡಿಮೆಯಾಗಬೇಕು? ಓಟ ಮುಗಿಸಿದರೂ ಮುಗಿಸದಿದ್ದರೂ ಹಣ ಕೊಡಿ ಎಂದು ಮೊದಲೇ ಹೇಳಿಬಿಡಿ. ನೇರವಾಗಿ ಕೇಂದ್ರದ ಖಾತೆಗೇ ಹೋಗಲಿ. ಶೂ, ಪ್ರವೇಶ ಶುಲ್ಕ ನಿಮ್ಮ ಜೇಬಿನಿಂದ.

ತರಬೇತಿಗೆ ಹೇಗೂ ನಾಲ್ಕೈದು ತಿಂಗಳು ಬೇಕು. ಹಣ ಕೇಳಲು ಅಷ್ಟೂ ಸಮಯ ಇದೆ ಅಂತಾಯಿತು. ನಡುವೆ ಒಂದು ದಿನ ಕೇಂದ್ರಕ್ಕೆ ಹೋಗಿ ಬನ್ನಿ. ಮಕ್ಕಳ ಫೋಟೊ ಬೇಕಿದ್ದರೆ ಅಪ್ಪ ಅಮ್ಮನನ್ನು ಕೇಳಿ, ಮಾತು ಬರುವ ಮಗುವನ್ನೂ ಕೇಳಿ. ಓಟ ಮುಗಿದು ಕಾಲು ನೋವು ಇಳಿದ ಮೇಲೆ, ಕುದುರೆಯ ಪಕ್ಕದಲ್ಲಿ ನಡೆಯಲು ಜನ ಬೇಕಾ ಎಂದು ವಿಚಾರಿಸಿ. ಮಗುವಿನ ತೊಡೆಯ ಮೇಲೆ ಕೈ ಎತ್ತಿ ಹಿಡಿದು ಅರ್ಧ ಗಂಟೆ ನಡೆಯಬೇಕು. ಭುಜ ಚೆನ್ನಾಗಿ ನೋಯುತ್ತದೆ, ಅದಕ್ಕೆ ಓಟದ ತರಬೇತಿ ಏನೂ ಸಹಾಯ ಮಾಡುವುದಿಲ್ಲ.

ನಮಸ್ಕಾರ.