ಎಂಜಿನ್ ಆಯಿಲ್ ಇನ್ನೆಷ್ಟು ಕಿಲೋಮೀಟರ್ ಓಡೀತು?

ಕೇಳುಗರಿಗೆ ನಮಸ್ಕಾರ.

ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, "ಕಾಲಾ ಹೋ ಗಯಾ, ಸೇಠ್" ಎಂದು ತೀರ್ಪು ಕೊಡುವ ಮಿಸ್ತ್ರಿಗಳು ಕುರ್ಲಾದಲ್ಲೂ ಇದ್ದಾರೆ, ಡೊಂಬಿವಲಿಯಲ್ಲೂ ಇದ್ದಾರೆ. ಬಣ್ಣವನ್ನು ಅಷ್ಟು ನಂಬಬೇಡಿ. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆ ನೂರಿನ್ನೂರು ಕಿಲೋಮೀಟರಿನೊಳಗೇ ಕಪ್ಪಾಗುತ್ತದೆ. ಮಸಿ ಒಂದೆಡೆ ಗಡ್ಡೆ ಕಟ್ಟದಂತೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸವೇ. ಮುಂಬಯಿಯ ಟ್ಯಾಕ್ಸಿಗಳಲ್ಲಿ ಓಡುವ ಸಿಎನ್‌ಜಿಯದು ಇದಕ್ಕೆ ತಿರುಗುಮುರುಗು. ಅಲ್ಲಿ ಮಸಿಯೇ ಕಡಿಮೆ, ಎಣ್ಣೆ ಬಹುಕಾಲ ತಿಳಿಯಾಗಿಯೇ ಕಾಣುತ್ತದೆ. ಆದರೆ ದಹನದ ಬಿಸಿಯಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಅದನ್ನು ಒಳಗಿಂದೊಳಗೇ ಕೆಡಿಸುತ್ತಿರುತ್ತವೆ.

ಹಾಗಾದರೆ 10,000 ಕಿಲೋಮೀಟರಿಗೆ ಬದಲಾಯಿಸುವ ಎಣ್ಣೆಯನ್ನು 12,000ಕ್ಕೋ 15,000ಕ್ಕೋ ಒಯ್ಯಬಹುದೇ? ಪ್ರಯೋಗಾಲಯದ ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಇದು ಹೊಸ ವಿದ್ಯೆಯೇನಲ್ಲ. 1940ರ ದಶಕದಲ್ಲೇ ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ರೈಲ್ವೆಯವರು ಡೀಸೆಲ್ ಎಂಜಿನ್ನುಗಳ ಎಣ್ಣೆಯಲ್ಲಿ ಲೋಹದ ಅಂಶ ಅಳೆದು ಸವೆತ ಪತ್ತೆಮಾಡುತ್ತಿದ್ದರು.

ಪರೀಕ್ಷೆಗೆ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಅಂಧೇರಿ, ಸಯನ್, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸರಾಸರಿ ಗಂಟೆಗೆ 15 ಕಿಲೋಮೀಟರ್ ಓಡುವ ಕಾರು 10,000 ಕಿಲೋಮೀಟರ್ ಮುಗಿಸುವಾಗ ಎಂಜಿನ್ ತಿರುಗಿದ್ದು ಸುಮಾರು 667 ಗಂಟೆ. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 70ರ ಸರಾಸರಿಯಲ್ಲಿ ಓಡಿದರೆ ಅದೇ ದೂರಕ್ಕೆ 143 ಗಂಟೆ ಸಾಕು. ಎಣ್ಣೆ ಸವೆಯುವುದು ಗಂಟೆಯ ಲೆಕ್ಕದಲ್ಲಿ, ಮೀಟರ್ ತೋರಿಸುವುದು ಕಿಲೋಮೀಟರ್. ಅದಕ್ಕೇ ಹೇಳುವುದು: ನಗರದೊಳಗೇ ಓಡುವ ಕಾರಿಗೆ ಪರೀಕ್ಷೆ ಮಾಡಿಸಿದರೆ ಅವಧಿ ಹೆಚ್ಚಿಸಿ ಎನ್ನುವ ಬದಲು ತಗ್ಗಿಸಿ ಎನ್ನುವ ಉತ್ತರವೇ ಬಂದೀತು.

ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಇಪ್ಪತ್ತು ನಿಮಿಷವಾದರೂ ಓಡಿಸಿ, ಆಫ್ ಮಾಡಿ, ಎಣ್ಣೆ ಕೆಳಗಿಳಿಯಲು ಒಂದೈದು ನಿಮಿಷ ಬಿಡಿ. ಡ್ರೈನ್ ಪ್ಲಗ್ಗಿನ ಸುತ್ತ ಮೆತ್ತಿದ ಕೆಸರನ್ನು ಮೊದಲೇ ಒರೆಸಿ. ಪ್ಲಗ್ ಬಿಚ್ಚಿದಾಗ ಮೊದಲು ಬೀಳುವ ಧಾರೆ ಬೇಡ, ಅದರಲ್ಲಿ ಸಂಪಿನ, ಅಂದರೆ ಎಂಜಿನ್ನಿನಡಿಯ ಎಣ್ಣೆ ತೊಟ್ಟಿಯ, ತಳದ ಗಸಿ ಇರುತ್ತದೆ. ಕೊನೆಯ ತೊಟ್ಟುಗಳೂ ಬೇಡ. ನಡುವಿನ ಧಾರೆಗೆ ಬಾಟಲಿ ಹಿಡಿದು ನೂರು ಮಿಲಿಲೀಟರಿನಷ್ಟು ತುಂಬಿ ತಕ್ಷಣ ಮುಚ್ಚಿ. ಬಾಟಲಿ ಪ್ರಯೋಗಾಲಯದ್ದೇ ಆಗಿರಲಿ. ತೊಳೆದ ನೀರಿನ ಬಾಟಲಿಯಲ್ಲಿ ಉಳಿದ ಹನಿಯೇ ಸಾಕು, ವರದಿಯಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಬಿಸಿ ಎಣ್ಣೆ ಕೈ ಸುಡುತ್ತದೆ, ಗ್ಲೌಸ್ ಮರೆಯಬೇಡಿ. ಪ್ಲಗ್ಗಿಗೆ ಹೊಸ ವಾಷರ್ ಹಾಕಿ.

ಚೀಟಿಯಲ್ಲಿ ಕಾರಿನ ಮಾಡೆಲ್, ಒಟ್ಟು ಓಡಿದ ಕಿಲೋಮೀಟರ್, ಈ ಎಣ್ಣೆ ಓಡಿದ ಕಿಲೋಮೀಟರ್, ಎಣ್ಣೆಯ ಹೆಸರು ಮತ್ತು ಗ್ರೇಡ್ ಬರೆಯಿರಿ. ನಡುವೆ ಟಾಪ್-ಅಪ್ ಮಾಡಿದ್ದರೆ ಎಷ್ಟು ಎಂಬುದನ್ನೂ ಬರೆಯಲೇಬೇಕು. ಸಂಪಿನಲ್ಲಿ ಮೂರು ಲೀಟರ್ ಉಳಿದಿದ್ದು, ಸವೆತದಿಂದ ಬಂದ ಕಬ್ಬಿಣ 40 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 40 ಭಾಗ) ಇದೆ ಎನ್ನಿ. ಒಂದು ಲೀಟರ್ ಹೊಸ ಎಣ್ಣೆ ಸುರಿದ ಮರುಕ್ಷಣ ಅದು 30 ಆಗುತ್ತದೆ. ಎಂಜಿನ್ ಸುಧಾರಿಸಿಲ್ಲ, ಹೊಸ ಎಣ್ಣೆ ಬೆರೆತು ಕಬ್ಬಿಣದ ಪ್ರಮಾಣ ತಗ್ಗಿದೆ, ಅಷ್ಟೆ. ಅದೇ ಡಬ್ಬಿಯ ಹೊಸ ಎಣ್ಣೆಯ ಸ್ಯಾಂಪಲ್ಲನ್ನೂ ಒಮ್ಮೆ ಕಳಿಸಿ. ಹೋಲಿಸಲು ಮೂಲವೇ ಇಲ್ಲದಿದ್ದರೆ ಅಂಕಿಗಳಿಗೆ ಅರ್ಥವಿಲ್ಲ.

ಇನ್ನೊಂದು, ಹೆಚ್ಚಿನವರು ಗಮನಿಸದ ವಿಷಯ. ಮೇ ರಜೆಗೆ ಊರಿಗೆ ಹೋಗಿ, ಉಡುಪಿಯಿಂದ ಮುಂಬಯಿಗೆ ವಾಪಸಾದ ಕೂಡಲೇ ಸ್ಯಾಂಪಲ್ ತೆಗೆದರೆ ವರದಿ ಇದ್ದದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಉದ್ದ ಓಟದ ಬಿಸಿಗೆ ಎಣ್ಣೆಯಲ್ಲಿ ಬೆರೆತಿದ್ದ ಪೆಟ್ರೋಲ್ ಮತ್ತು ನೀರು ಬಹುಪಾಲು ಆವಿಯಾಗಿ ಹೋಗಿರುತ್ತವೆ. ದಿನನಿತ್ಯದ ಓಡಾಟದ ನಡುವೆ ತೆಗೆದ ಸ್ಯಾಂಪಲ್ಲೇ ನಿಜ ಹೇಳುತ್ತದೆ. ಡೀಸೆಲ್ ಹೀಗೆ ಸುಲಭವಾಗಿ ಆವಿಯಾಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇರುತ್ತದೆ. ಅದರಲ್ಲಿ ಕೂತ ಮಸಿ ಸುಡಲು ಎಷ್ಟೋ ಗಾಡಿಗಳಲ್ಲಿ ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತಾರೆ. ಆ ಸುಡುವಿಕೆ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಸಂಪಿಗಿಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಏರಿದ್ದು ಕಂಡರೆ ಖುಷಿಪಡಬೇಡಿ, ಪರೀಕ್ಷೆಗೆ ಕಾಯಲೂ ಬೇಡಿ, ಬದಲಾಯಿಸಿ.

ಈಗ ವರದಿ ಓದೋಣ. ಮೊದಲು ಸ್ನಿಗ್ಧತೆ, ಅಂದರೆ ಎಣ್ಣೆ ಎಷ್ಟು ಮಂದ ಎಂಬುದು, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. 5ಡಬ್ಲ್ಯೂ-30 ಗ್ರೇಡಿನ ಎಣ್ಣೆಯಾದರೆ ಅದು 9.3 ಮತ್ತು 12.5 ಸೆಂಟಿಸ್ಟೋಕ್ಸ್ ನಡುವೆ ಇರಬೇಕು. ಕೆಳಗಿಳಿದಿದ್ದರೆ ಇಂಧನ ಬೆರೆತಿದೆ ಇಲ್ಲವೇ ಎಣ್ಣೆಯನ್ನು ಮಂದವಾಗಿಡುವ ಪಾಲಿಮರ್ ಕಡಿದುಹೋಗಿದೆ. ಮೇಲೇರಿದ್ದರೆ ಆಕ್ಸಿಡೇಶನ್ (ಆಮ್ಲಜನಕ ತಾಗಿ ಎಣ್ಣೆ ಕೆಡುವುದು) ಅಥವಾ ಮಸಿ. ಎರಡೂ ಒಟ್ಟಿಗೆ ಆದರೆ ಒಂದು ತೆಳು ಮಾಡುತ್ತದೆ, ಇನ್ನೊಂದು ಮಂದ ಮಾಡುತ್ತದೆ, ಅಂಕಿ ಮಾತ್ರ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಇಂಧನದ ಶೇಕಡಾವಾರನ್ನು ಬೇರೆಯೇ ಕೇಳಿ. ಎರಡು ದಾಟಿದರೆ ಕಣ್ಣಿಡಿ, ಐದಾದರೆ ಎಣ್ಣೆ ಬದಲಾಯಿಸಿ ಕಾರಣ ಹುಡುಕಿ.

ಆಮ್ಲವನ್ನು ತಟಸ್ಥ ಮಾಡುವ ಕ್ಷಾರದ ಶಕ್ತಿಗೆ ಟಿಬಿಎನ್ ಎನ್ನುತ್ತಾರೆ. ಹೊಸದರಲ್ಲಿ 8 ಇದ್ದದ್ದು 4ಕ್ಕೆ ಇಳಿದರೆ ಎಣ್ಣೆಯ ಆಯುಷ್ಯ ಮುಗಿಯುತ್ತ ಬಂತೆಂದೇ ಲೆಕ್ಕ. ಆಮ್ಲದ ಅಳತೆಯಾದ ಟಿಎಎನ್ ಏರುತ್ತ ಬಂದು ಟಿಬಿಎನ್‌ಗೆ ಸಮವಾದರಂತೂ ಮಾತೇ ಇಲ್ಲ. ಅವಧಿ ಹೆಚ್ಚಿಸಬೇಕೆನ್ನುವವರು ಈ ಎರಡು ಪರೀಕ್ಷೆ ಬಿಟ್ಟು ಬರೀ ಲೋಹದ ಪಟ್ಟಿ ತರಿಸಿಕೊಂಡರೆ ದುಡ್ಡು ದಂಡ.

ಲೋಹಗಳಲ್ಲಿ ಕಬ್ಬಿಣ ಲೈನರ್ ಮತ್ತು ಕ್ಯಾಮ್‌ಶಾಫ್ಟಿನದು, ಅಲ್ಯುಮಿನಿಯಂ ಪಿಸ್ಟನ್ನಿನದು, ಸೀಸ ಮತ್ತು ತಾಮ್ರ ಬೇರಿಂಗಿನವು. ಒಟ್ಟು ಅಂಕಿಗಿಂತ ಸಾವಿರ ಕಿಲೋಮೀಟರಿಗೆ ಎಷ್ಟು ಎಂಬುದನ್ನು ನೋಡಿ. 10,000ಕ್ಕೆ ಕಬ್ಬಿಣ 20 ಬಂದಿದ್ದರೆ ಸಾವಿರಕ್ಕೆ 2. 12,000ಕ್ಕೆ 24 ಬಂದರೆ ಸವೆತ ಅದೇ ವೇಗದಲ್ಲಿದೆ, ಎಣ್ಣೆ ತಡೆದುಕೊಂಡಿದೆ. 40 ಬಂದರೆ ಕೊನೆಯ ಎರಡು ಸಾವಿರದಲ್ಲೇ ರಕ್ಷಣೆ ಕುಸಿದಿದೆ, 10,000ಕ್ಕೆ ಹಿಂದಿರುಗಿ. ಸಿಲಿಕಾನ್ ಮತ್ತು ಅಲ್ಯುಮಿನಿಯಂ ಜೊತೆಜೊತೆಯಾಗಿ ಏರಿದರೆ ಅದು ಧೂಳು. ಕಟ್ಟಡ ಕಾಮಗಾರಿ ಕಾಣದ ರಸ್ತೆ ಈ ನಗರದಲ್ಲಿ ಎಲ್ಲಿದೆ ಹೇಳಿ! ಕಂಪ್ರೆಸರ್ ಗಾಳಿ ಹೊಡೆದು ಏರ್ ಫಿಲ್ಟರ್ ಸ್ವಚ್ಛ ಮಾಡಿಸುವವರು ಅದರ ಕಾಗದ ಎಲ್ಲಾದರೂ ಹರಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹೊಸ ಎಂಜಿನ್ನಿನಲ್ಲಿ ಮಾತ್ರ ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟಿನಿಂದಲೂ ಬರುತ್ತದೆ, ಗಾಬರಿ ಬೇಡ. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲೆಂಟ್ ಸೋರಿಕೆಯ ಗುಮಾನಿ. ಮಳೆಗಾಲದಲ್ಲಿ ಕಾರು ನೆರೆನೀರಿನಲ್ಲಿ ಮುಳುಗಿ ಎಣ್ಣೆ ಹಾಲಿನಂತಾಗಿದ್ದರೆ ಸ್ಟಾರ್ಟೇ ಮಾಡಬೇಡಿ. ಅಲ್ಲಿ ಪ್ರಯೋಗಾಲಯದ ಅಗತ್ಯವಿಲ್ಲ.

ಲೋಹ ಅಳೆಯುವ ಯಂತ್ರಕ್ಕೂ ಮಿತಿಯಿದೆ. ಐದರಿಂದ ಎಂಟು ಮೈಕ್ರಾನ್‌ಗಿಂತ ದೊಡ್ಡ ಚೂರುಗಳು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಬೇರಿಂಗ್ ಚಕ್ಕೆಯೇಳುತ್ತಿದ್ದರೂ ವರದಿ ಶುಭ್ರವಾಗಿ ಬರಬಹುದು. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಎಣ್ಣೆ ಹಿಂಡಿ ಬಿಸಿಲಿಗೆ ಹಿಡಿದರೆ ಹೊಳೆಯುವ ಚೂರು ಕಣ್ಣಿಗೇ ಬೀಳುತ್ತವೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಅಂಟದಿದ್ದರೆ ಬೇರಿಂಗ್ ಅಥವಾ ಪಿಸ್ಟನ್.

ಖರ್ಚಿನ ಮಾತು. ಮೂರೂವರೆ ಲೀಟರ್ ಎಣ್ಣೆ ಹಿಡಿಯುವ ಸಣ್ಣ ಕಾರಿಗೆ ಪ್ರತಿ ಸಲ ಪರೀಕ್ಷೆ ಮಾಡಿಸುವುದು ಲಾಭದ ಬಾಬತ್ತಲ್ಲ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಯಿಸುವುದೇ ಅಗ್ಗ. ಆರೇಳು ಲೀಟರಿನ ದೊಡ್ಡ ಡೀಸೆಲ್ ಗಾಡಿಗೆ, ಅದರಲ್ಲೂ ಒಂದೇ ಮಾಡೆಲಿನ ಐದಾರು ಟೂರಿಸ್ಟ್ ಗಾಡಿ ಇಟ್ಟವರಿಗೆ ಲೆಕ್ಕ ಕುದುರುತ್ತದೆ. ವಾರಂಟಿ ಮುಗಿಯದ ಗಾಡಿಯಾದರೆ ಕಂಪನಿಯ ಪುಸ್ತಕದಲ್ಲಿರುವ ಅವಧಿ ದಾಟಬೇಡಿ. ವರದಿ ಎಷ್ಟೇ ಚೆನ್ನಾಗಿದ್ದರೂ ಕ್ಲೇಮಿನ ಹೊತ್ತಿಗೆ ತಕರಾರು ತಪ್ಪದು. ವಾರಂಟಿ ಮುಗಿದವರು ಈಗಿನ ಅವಧಿಯಲ್ಲೇ ಎರಡು ಸ್ಯಾಂಪಲ್ ನೋಡಿ, ಆಮೇಲೆ ಎರಡೆರಡು ಸಾವಿರದಂತೆ ಏರಿಸಿ, ಪ್ರತಿ ಮೆಟ್ಟಿಲಿಗೂ ಮತ್ತೆ ಸ್ಯಾಂಪಲ್ ಕಳಿಸಿ. ಎಣ್ಣೆಯ ಬ್ರ್ಯಾಂಡ್ ಬದಲಾಯಿಸಿದರೆ, ಅಥವಾ ಹೆದ್ದಾರಿಯ ಗಾಡಿ ನಗರದ ಬಾಡಿಗೆಗೆ ಬಿದ್ದರೆ, ಲೆಕ್ಕ ಮೊದಲಿಂದ ಶುರು.